ಎಡಗಡೆಯ ಬಳ್ಳಿ

ಆ ಮನೆಯಲ್ಲಿ ಎರಡು ಕುದುರೆಗಳಿದ್ದವು. ಎರಡೂ ಮರದವು. ಹುಲ್ಲು ಕೇಳುತ್ತಿರಲಿಲ್ಲ, ಒದೆಯುತ್ತಿರಲಿಲ್ಲ. ಆದರೂ ಮನೆಯ ಜಗಳಗಳಲ್ಲಿ ಅರ್ಧಕ್ಕರ್ಧ ಅವುಗಳದ್ದೇ. ಗಿಡ್ಡ ಬೆಂಚಿನ ಹಾಗಿದ್ದ ಅವುಗಳ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂರಬೇಕು. ಮುಂದೆ, ಕುದುರೆಗೆ ಕತ್ತಿರುವ ಜಾಗದಲ್ಲಿ, ಎರಡು ಹಲಗೆಗಳ ಇಕ್ಕಳ. ಅದರ ಬಾಯಿಗೆ ತೊಗಲು ಸಿಕ್ಕಿಸಿ ಬಿಗಿ ಮಾಡಿದರೆ ಎರಡು ಕೈಯೂ ಹೊಲಿಗೆಗೆ ಬಿಡುವಾಗುತ್ತವೆ. ಒಂದು ಕುದುರೆ ಮಾವನದು. ಇನ್ನೊಂದು ಕಿಟಕಿಯ ಪಕ್ಕ ಹಳೆಯ ಚಾದರ ಹೊದ್ದು ನಿಂತಿತ್ತು. ಸೊಸೆ ಈ ಮನೆಗೆ ಬಂದು ನಾಲ್ಕು ವರ್ಷ. ಆ ಚಾದರ ಎತ್ತಿ ಅದರ ಮೇಲೆ ಕೂರಬೇಕೆಂಬುದೊಂದೇ ಅವಳ ಆಸೆ.

ಅದಕ್ಕೆ ಅಡ್ಡ ಬಂದದ್ದು ಒಂದು ಬೆಲ್ಟು. ಮೊದಲ ವರ್ಷ, ಮನೆಯವರೆಲ್ಲ ಯಾರದೋ ಮದುವೆಗೆ ಹೋಗಿದ್ದಾಗ, ಹನ್ನೆರಡು ಬೆಲ್ಟುಗಳಲ್ಲಿ ಹೊಲಿಯದೆ ಉಳಿದಿದ್ದ ಕೊನೆಯದನ್ನು ಸೊಸೆ ಇಕ್ಕಳಕ್ಕೆ ಸಿಕ್ಕಿಸಿ ಹೊಲಿದುಬಿಟ್ಟಳು. ತಿಂಗಳುಗಟ್ಟಲೆ ಕಣ್ಣಲ್ಲೇ ಕಲಿತ ಕೆಲಸ. ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಮರದ ಹಿಡಿಯ ಚೂಪಾದ ಆರೆಯಿಂದ ತೂತು ಚುಚ್ಚಿ, ಆ ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಸೂಜಿ ದಾಟಿಸಿ, ಎರಡು ತೋಳೂ ಅಗಲಿಸಿ ಎಳೆಯಬೇಕು. ಎಲ್ಲ ಸರಿಯಾಗಿಯೇ ಮಾಡಿದ್ದಳು. ಆದರೆ ಅವಳು ಎಡಚಿ. ಆರೆ ಎಡಗೈಯಲ್ಲಿತ್ತು. ಹನ್ನೊಂದು ಬೆಲ್ಟುಗಳ ಹೊಲಿಗೆ ಒಂದು ಕಡೆ ವಾಲಿದ್ದರೆ ಹನ್ನೆರಡನೆಯದು ಅವಕ್ಕೆ ಬೆನ್ನು ತಿರುಗಿಸಿ ಇನ್ನೊಂದು ಕಡೆ ವಾಲಿತ್ತು.

"ಬಟ್ಟೆ ಆಗಿದ್ರೆ ಬಿಚ್ಚಿ ಹೊಲೀಬಹುದಿತ್ತು," ಅಂದಿದ್ದ ಮಾವ. "ತೊಗಲು ಚುಚ್ಚಿದ್ದನ್ನ ಮರೆಯಲ್ಲಮ್ಮ. ತೂತೇ ಓರೆ ಬಿದ್ದಮೇಲೆ ದಾರ ಏನು ಮಾಡುತ್ತೆ?"

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೆಲ್ಟನ್ನು ಗೋಡೆಯ ಮೊಳೆಗೆ ನೇತುಹಾಕಿದ, ಅಷ್ಟೆ. ಮಾರನೇ ದಿನ ಅತ್ತೆ ಕಿಟಕಿ ಪಕ್ಕದ ಕುದುರೆಗೆ ಚಾದರ ಹೊದಿಸಿದಳು. ಅಂದಿನಿಂದ ಸೊಸೆಯ ಪಾಲಿಗೆ ದಾರಕ್ಕೆ ಜೇನುಮೇಣ ತಿಕ್ಕುವುದು, ಅಂಚು ಉಜ್ಜಿ ನುಣುಪು ಮಾಡುವುದು, ಬಣ್ಣ ಕಲಸುವುದು ಮತ್ತು ಅಡುಗೆ.

ಅಡುಗೆಯಲ್ಲೂ ಎಡಗೈ ಮುಂದೆ ಬರುತ್ತಿತ್ತು. ಆ ಬುಧವಾರ ಮಧ್ಯಾಹ್ನ ಬೇಳೆ ಬಡಿಸುತ್ತಿದ್ದಾಗ ಅತ್ತೆ ಕೇಳಿದಳು:

"ಸೌಟು ಬಲಗೈಗೆ ಬರಲ್ವಾ?"

"ಬರುತ್ತೆ ಅತ್ತೆ. ಅರ್ಧ ತಟ್ಟೆಗೆ ಬರುತ್ತೆ, ಇನ್ನರ್ಧ ನಿಮ್ಮ ಮಡಿಲಿಗೆ ಬರುತ್ತೆ."

ಮನೆಯ ಮಗ, ಸೊಸೆಯ ಗಂಡ, ಕಿಸಕ್ಕೆಂದ. ತೊಗಲು ಕತ್ತರಿಸುವ ಕೆಲಸ ಅವನದು. ಒಂದು ಕಡೆ ಕೂತು ಹೊಲಿಯುವ ತಾಳ್ಮೆ ಅವನಿಗೆ ದೇವರು ಕೊಟ್ಟಿರಲಿಲ್ಲ. ನಗುವುದಕ್ಕೆ ಮಾತ್ರ ಧಾರಾಳವಾಗಿ ಕೊಟ್ಟಿದ್ದ.

"ನಗು, ನಗು," ಅಂದಳು ಅತ್ತೆ. "ಉಪ್ಪು ಜಾಸ್ತಿ ಆಗಿದೆ, ಅದಕ್ಕೂ ನಗು."

ಅಷ್ಟರಲ್ಲಿ ಬಾಗಿಲಲ್ಲಿ ಲಾಯದಮ್ಮ ನಿಂತಿದ್ದಳು. ಊರಾಚೆ ಕುದುರೆಲಾಯ ನಡೆಸುವ ಗಟ್ಟಿ ಹೆಂಗಸು. ಹೆಗಲ ಮೇಲೆ ಹನ್ನೆರಡು ವರ್ಷದ ಹಿಂದೆ ಇದೇ ಮನೆಯಲ್ಲಿ ಮಾಡಿಸಿಕೊಂಡಿದ್ದ ಜೀನು. ಅದನ್ನು ಮೇಜಿನ ಮೇಲಿಟ್ಟು ಬೆನ್ನು ಸವರುವ ಹಾಗೆ ಸವರಿದಳು.

"ಮೇಸ್ತ್ರಿ, ಇಂಥದ್ದೇ ಇನ್ನೊಂದು ಬೇಕು. ಮಗಳಿಗೆ. ಐದು ವಾರಕ್ಕೆ ಅವಳು ಮೊದಲನೇ ಸಲ ಪಂದ್ಯಕ್ಕೆ ಇಳೀತಾಳೆ."

ಜೀನಿನ ಎರಡು ಮಗ್ಗುಲಲ್ಲಿ ಸವಾರನ ತೊಡೆಯ ಕೆಳಗೆ ಇಳಿಬೀಳುವ ಅಗಲವಾದ ತುಂಡುಗಳಿಗೆ ಈ ಮನೆಯಲ್ಲಿ ರೆಕ್ಕೆ ಅನ್ನುತ್ತಾರೆ. ಆ ಎರಡು ರೆಕ್ಕೆಗಳ ಮೇಲೂ ಒಂದೊಂದು ಬಳ್ಳಿ. ಹಾಲುಬಣ್ಣದ ದಾರದಲ್ಲಿ ಕಾಂಡ. ಆ ಹೊಲಿಗೆಗಳ ಕೆಳಗೆ ನುಸುಳಿ ಮೇಲೆದ್ದು ಸುತ್ತಿಕೊಂಡು ಹೋಗುವ ಹಸಿರು ದಾರ. ಒಂದೇ ತೂತಿನಿಂದ ಕೋಳಿಕಾಲಿನ ಹಾಗೆ ಕವಲೊಡೆಯುವ ಮೂರು ಹೊಲಿಗೆ ಸೇರಿ ಒಂದು ಎಲೆ. ನೋಡಬೇಕಾದದ್ದು ಇಷ್ಟೇ ಅಲ್ಲ. ಬಲಗಡೆ ನಿಂತು ನೋಡಿದರೂ ಎಡಗಡೆ ನಿಂತು ನೋಡಿದರೂ ಹೊಲಿಗೆಗಳೆಲ್ಲ ಕುದುರೆಯ ಮುಖದ ಕಡೆಗೇ ವಾಲಿದ್ದವು. ಸುತ್ತಲ ಊರುಗಳಲ್ಲಿ ಇಂಥ ಜೋಡಿ ಬಳ್ಳಿ ಈ ಮೇಸ್ತ್ರಿಯ ಕೈಯಲ್ಲಿ ಮಾತ್ರ ಎಂಬ ಹೆಸರಿತ್ತು.

ಮಾವ ಜೀನನ್ನು ನೋಡಿದ. ಅಡುಗೆಮನೆಯ ಕಡೆ ನೋಡಿದ. ಅತ್ತೆ ಚಹಾಕ್ಕೆ ನೀರಿಡಲು ಆಗಲೇ ಒಳಗೆ ಹೋಗಿದ್ದಳು.

"ಆಗಲಿ," ಅಂದ.

ಒಳಗೆ ಪಾತ್ರೆಯ ಮುಚ್ಚಳ ಬಿದ್ದು ಗಿರಗಿರ ತಿರುಗುವ ಸದ್ದು ಕೇಳಿಸಿತು.

ಬಲಗಡೆಯ ರೆಕ್ಕೆಗೆ ಎರಡು ವಾರ ಹಿಡಿಯಿತು. ಅವು ಒಳ್ಳೆಯ ದಿನಗಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಓರೆಯಾಗಿ ಇಳಿದು ನೆಲದ ಮೇಲೆ ಚಾಪೆ ಹಾಸಿದ ಹಾಗೆ ಮಲಗುತ್ತಿತ್ತು. ಬಟ್ಟಲಲ್ಲಿದ್ದ ಮೇಣ ಮೆತ್ತಗಾಗಿ ಮನೆಯೆಲ್ಲ ಜೇನಿನ ವಾಸನೆ. ಆ ವಾಸನೆ ಹಿಡಿದು ಒಂದೊಂದು ಜೇನುನೊಣ ದಾರಿ ತಪ್ಪಿ ಒಳಗೆ ಬಂದು, ರೆಕ್ಕೆಯ ಮೇಲಿನ ಎಲೆಗಳ ಮೇಲೆ ಕೂತು, ಮೋಸಹೋದೆನೆಂದು ತಿಳಿದು ಎದ್ದು ಹೋಗುತ್ತಿತ್ತು. ಮಾವ ತೋಳು ಅಗಲಿಸಿ ದಾರ ಎಳೆದಾಗಲೆಲ್ಲ ಸುಯ್ಯೆಂಬ ಸಣ್ಣ ಸದ್ದು. ಸೊಸೆ ಮೇಣ ತಿಕ್ಕುತ್ತ ಆ ಸದ್ದನ್ನು ಎಣಿಸುತ್ತ ಎಣಿಸುತ್ತ ಎಷ್ಟೋ ಸಲ ಅರ್ಧ ನಿದ್ದೆಗೆ ಜಾರುತ್ತಿದ್ದಳು.

ಮೂರನೇ ವಾರ ಬಂತು. ಎಡಗಡೆಯ ರೆಕ್ಕೆಯನ್ನು ಮಗ ಕತ್ತರಿಸಿ ಕೊಟ್ಟ. ಅದು ಮೇಜಿನ ಮೇಲೆ ಹಾಗೇ ಬಿದ್ದುಕೊಂಡಿತು. ಮಾವ ಒಂದು ದಿನ ಆರೆ ಮಸೆದ. ಇನ್ನೊಂದು ದಿನವೂ ಆರೆ ಮಸೆದ. ಮೂರನೇ ದಿನ ಬ್ರೆಡ್ಡು ಒಣಗಿದೆ ಎಂದು ಕೂಗಾಡಿದ.

"ಅಪ್ಪ, ಮಸೆದೂ ಮಸೆದೂ ಆ ಆರೆ ಸೂಜಿ ಆಗುತ್ತೆ," ಅಂದ ಮಗ. "ಯಾವಾಗ ಶುರು ಮಾಡ್ತೀರಿ?"

"ಕೆಲಸ ಮಾಡೋನಿಗೆ ಗೊತ್ತು."

"ಕಷ್ಟ ಆದ್ರೆ ರೆಕ್ಕೆ ತಲೆಕೆಳಗು ಮಾಡಿ ಕೆಳಗಿಂದ ಮೇಲಕ್ಕೆ ಹೊಲೀರಿ. ಆಗ ಈ ಕಡೆ ವಾಲಲ್ವಾ?"

"ನೀನು ತಲೆಕೆಳಗಾಗಿ ನಿಂತ್ರೆ ನಿನ್ನ ಬಲಗೈ ಎಡಗೈ ಆಗುತ್ತಾ? ಹೋಗು, ಕತ್ತರಿ ಎಣ್ಣೆ ಕೇಳ್ತಿದೆ."

ಸೊಸೆ ಆಗ ಹಳೆಯ ಜೀನಿಗೆ ಎಣ್ಣೆ ಹಚ್ಚುತ್ತಿದ್ದಳು. ಎಡಗಡೆಯ ಬಳ್ಳಿಯ ಮೇಲೆ ಬೆರಳು ಓಡಿಸುತ್ತಿದ್ದಾಗ ಅವಳಿಗೇ ವಿಚಿತ್ರವೆನಿಸಿತು. ಬೆರಳು ಎಲ್ಲೂ ತಡೆಯಲಿಲ್ಲ. ತನ್ನದೇ ಕೈ ಹೊಲಿದಂತೆ ಪ್ರತಿ ಹೊಲಿಗೆಯೂ ಬೆರಳಿಗೆ ಮೊದಲೇ ಗೊತ್ತಿತ್ತು.

"ಮಾವ, ಈ ಎಡಗಡೆ ರೆಕ್ಕೆ ಯಾರು ಹೊಲಿದದ್ದು?"

"ಇನ್ಯಾರು? ನಾನೇ."

ಉತ್ತರ ಬಂದ ವೇಗ ನೋಡಿ ಸೊಸೆ ಆ ಬಳ್ಳಿಯ ಮೇಲೆ ಇನ್ನೊಮ್ಮೆ ಬೆರಳು ಓಡಿಸಿದಳು.

ಆ ದಿನ ಊಟವಾದಮೇಲೆ ಗಂಡಸರಿಬ್ಬರೂ ತೊಗಲು ತರಲು ಹೋದರು. ಅತ್ತೆ ಎಂದಿನಂತೆ ಕಿಟಕಿಯ ಕೆಳಗೆ ಚಾಪೆಯಲ್ಲಿ ಒರಗಿದಳು. ಸೊಸೆ ಒದ್ದೆ ಪಾತ್ರೆ ಒರೆಸುತ್ತ ಬಂದವಳು ಹೊಸ್ತಿಲಲ್ಲೇ ನಿಂತಳು.

ಅತ್ತೆಯ ಕಣ್ಣು ಮುಚ್ಚಿತ್ತು, ಉಸಿರು ನಿಧಾನವಾಗಿತ್ತು. ಕೈಗಳು ಮಾತ್ರ ಎಚ್ಚರವಾಗಿದ್ದವು. ಎದೆಯ ಮೇಲೆ, ಬಿಸಿಲಿನ ಧೂಳಿನಲ್ಲಿ, ಅವು ಗಾಳಿಯನ್ನು ಹೊಲಿಯುತ್ತಿದ್ದವು. ಒಂದು ಕೈ ಚುಚ್ಚಿತು. ಸೂಜಿ ದಾಟಿತು. ಎದುರಿನ ಕೈಯ ಸೂಜಿ ದಾಟಿತು. ಎರಡು ತೋಳೂ ಮೆಲ್ಲಗೆ ಅಗಲವಾದವು, ಮತ್ತೆ ಹತ್ತಿರವಾದವು. ಚುಚ್ಚುತ್ತಿದ್ದದ್ದು ಎಡಗೈ. ಹೆಬ್ಬೆರಳಿನ ಗೆಣ್ಣು ಊದಿ ಸೌಟು ಹಿಡಿಯಲೂ ಆಗದ ಅದೇ ಎಡಗೈ ನಿದ್ದೆಯಲ್ಲಿ ನೋವನ್ನೇ ಮರೆತಿತ್ತು.

ಸೊಸೆ ಎಷ್ಟು ಹೊತ್ತು ನಿಂತಿದ್ದಳೋ. ಕೈಯಲ್ಲಿದ್ದ ಪಾತ್ರೆ ಒರೆಸದೆಯೇ ಒಣಗಿತು. ಆಮೇಲೆ ಕಿಟಕಿ ಪಕ್ಕದ ಕುದುರೆಯ ಚಾದರವನ್ನು ಒಂದು ಮೂಲೆಯಲ್ಲಿ ಎತ್ತಿ ನೋಡಿದಳು. ಬಂದುಹೋಗುವ ಕೆಲಸದವರಿಗೆಂದು ಮಾಡಿಸಿದ್ದು ಅನ್ನುತ್ತಿದ್ದರು. ಅದರ ಬೆನ್ನೂ ಮಾವನ ಕುದುರೆಯಷ್ಟೇ ಸವೆದು ಹೊಳೆಯುತ್ತಿತ್ತು.

ಸಂಜೆ ಗಂಡನಿಗೆ ಹೇಳಿದಳು. ಅವನು ಬಿದ್ದುಬಿದ್ದು ನಕ್ಕ.

"ನಮ್ಮಮ್ಮನಾ? ನನ್ನ ಅಂಗಿ ಗುಂಡಿನೂ ಅಪ್ಪನೇ ಹೊಲಿದುಕೊಡ್ತಿದ್ದದ್ದು ಕಣೇ."

"ನೀವು ಶಾಲೆಗೆ ಹೋದಮೇಲೆ ಈ ಮನೆ ಬಾಗಿಲು ಹಾಕಿರ್ತಿತ್ತಾ, ತೆಗೆದಿರ್ತಿತ್ತಾ?"

ಅವನು ನಗು ನಿಲ್ಲಿಸಿ ಯೋಚಿಸಿದ. "ಹಾಕಿರ್ತಿತ್ತು," ಅಂದ. "ಬಡೀಬೇಕಿತ್ತು."

ನಾಲ್ಕನೇ ವಾರದ ಸೋಮವಾರ ಸೊಸೆ ಮೊಳೆಯಿಂದ ಬೆಲ್ಟು ತೆಗೆದು ಅತ್ತೆಯ ಮಡಿಲಲ್ಲಿಟ್ಟಳು. ಅತ್ತೆ ಆಲೂಗಡ್ಡೆ ಸುಲಿಯುತ್ತಿದ್ದಳು, ಬಲಗೈಯಲ್ಲಿ, ಕೆಟ್ಟದಾಗಿ.

"ಇದು ತಪ್ಪಾ ಅತ್ತೆ?"

ಅತ್ತೆ ಬೆಲ್ಟನ್ನು ನೋಡಲಿಲ್ಲ. ಕೈ ಒರೆಸಿಕೊಂಡು ಹೊಲಿಗೆಯ ಸಾಲಿನ ಮೇಲೆ ಉಗುರು ಎಳೆದಳು.

"ಆರನೇದು ಸಡಿಲ. ಮಿಕ್ಕಿದ್ದು ಸರಿಯಾಗಿದೆ."

"ಅಂದ್ರೆ ಅವತ್ತೇ ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ಎಡಗೈ ಹೊಲಿಗೆ ಅಂತ ಗೊತ್ತಿತ್ತು. ಈ ಮನೇಲಿ ಅದಕ್ಕೆ ಜಾಗ ಇದೆ ಅಂತಾನೂ ಗೊತ್ತಿತ್ತು. ನನ್ನ ಕೈಲಿ ಮೂರು ವರ್ಷ ಮೇಣ ತಿಕ್ಕಿಸಿದ್ರಿ!"

"ತಿಕ್ಕಿಸ್ದೆ. ಏನೀಗ?" ಅತ್ತೆಯ ದನಿ ಏರಿತು. "ಮೊದಲನೇ ಜೀನು ಕೊಂಡವರು ಮೇಸ್ತ್ರಿ ಏನು ಕೈರೀ ನಿಮ್ಮದು ಅಂದ್ರು. ಇವರು ಸುಮ್ನಿದ್ರು. ನಾನು ಒಳಗೆ ಚಹಾ ಕಾಯಿಸ್ತಿದ್ದೆ. ಆಮೇಲೆ ಪ್ರತಿ ಸಲಾನೂ ಚಹಾ ಕಾಯಿಸ್ತಾನೇ ಇದ್ದೆ. ಹೊರಗೆ ಹೆಸರಿಲ್ಲದಿದ್ರೆ ಹೋಗಲಿ, ಆ ಕುದುರೆ ನಂದು ಅಂತಿದ್ದೆ. ಕೈ ಹೋಯ್ತು. ಅದನ್ನೂ ನಿನಗೆ ಕೊಟ್ಟುಬಿಟ್ರೆ ಈ ಮನೇಲಿ ನಾನು ಯಾರು? ಬೇಳೆ ಬೇಯಿಸೋಳಾ?"

"ಬೇಳೆ ಬೇಯಿಸೋಳು ನಾನು. ಅದಕ್ಕೂ ಉಪ್ಪು ಜಾಸ್ತಿ ಅಂತೀರಿ."

ಸೊಸೆಗೆ ಸಿಟ್ಟು ನೆತ್ತಿಗೇರಿತ್ತು. ಅದರ ಅಡಿಯಲ್ಲಿ ಅಳುವೂ ಇತ್ತು. ಅದು ತನಗಾಗಿಯೋ ಅತ್ತೆಗಾಗಿಯೋ ಅವಳಿಗೇ ತಿಳಿಯಲಿಲ್ಲ. ಅಂದು ಅವಳು ಒಲೆಯ ಹತ್ತಿರ ಹೋಗಲಿಲ್ಲ. ಮಗ ಮೊಟ್ಟೆ ಬೇಯಿಸಿದ. ನಾಲ್ವರೂ ಮೊಟ್ಟೆ, ಬ್ರೆಡ್ಡು ತಿಂದರು. ಮೊಟ್ಟೆಯ ಸಿಪ್ಪೆಗಳು ಬೇಕಾದ್ದಕ್ಕಿಂತ ಜೋರಾಗಿ ಒಡೆದವು.

ಗೋಡೆಯಾಚೆ ಕೂತಿದ್ದ ಮಾವನಿಗೆ ಎಲ್ಲವೂ ಕೇಳಿಸಿತ್ತು. ಮಂಗಳವಾರ ಬೆಳಗ್ಗೆ ಯಾರೂ ಏಳುವ ಮೊದಲು ಅವನು ಎಡಗಡೆಯ ರೆಕ್ಕೆಯನ್ನು ಇಕ್ಕಳಕ್ಕೆ ಸಿಕ್ಕಿಸಿ ಆರೆಯನ್ನು ಎಡಗೈಗೆ ತೆಗೆದುಕೊಂಡ. ಹನ್ನೊಂದು ತೂತು ಚುಚ್ಚಿದ. ಒಂದು ಆ ಕಡೆ ನೋಡುತ್ತಿತ್ತು, ಒಂದು ಈ ಕಡೆ, ಉಳಿದವು ಎಲ್ಲೆಂದರಲ್ಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮಗ ಎದ್ದುಬಂದು ನೋಡಿ ತಲೆಗೆ ಕೈ ಹೊತ್ತ. "ಅಪ್ಪ, ಇದೇ ಚರ್ಮದ್ದು ಇನ್ನೊಂದೇ ತುಂಡು ಉಳಿದಿರೋದು. ಅದೂ ಹೋದ್ರೆ ಬಲಗಡೆದೂ ದಂಡ. ಮೂವತ್ತೈದು ವರ್ಷ ಮಾಡಿದ ಕೆಲಸ, ಈಗೇನಾಯ್ತು?"

"ಮಾಡಿದ್ದು ನಾನಲ್ಲ," ಅಂದ ಮಾವ. ಹೊಸ್ತಿಲಲ್ಲಿ ಅತ್ತೆ, ಅವಳ ಹಿಂದೆ ಸೊಸೆ ನಿಂತಿದ್ದರು. "ಎಡಗಡೆ ಬಳ್ಳಿ ಒಂದೇ ಒಂದೂ ನಂದಲ್ಲ. ಎಲ್ಲಾ ನಿಮ್ಮಮ್ಮಂದು. ಮೊದಲನೇ ದಿನ ಹೇಳಲಿಲ್ಲ. ಆಮೇಲೆ ಹೇಳೋಕೆ ನಾಚಿಕೆ ಆಯ್ತು. ನಾಚಿಕೆಗೆ ಹನ್ನೆರಡು ಜೀನು ತುಂಬೋ ಹೊತ್ತಿಗೆ ಹೇಳೋ ಬಾಯೇ ಹೋಯ್ತು."

ಕೆಟ್ಟ ರೆಕ್ಕೆಯನ್ನು ಇಕ್ಕಳದಿಂದ ಬಿಡಿಸಿ, ಹನ್ನೊಂದು ತೂತೂ ಕಾಣುವ ಹಾಗೆ ಖಾಲಿ ಮೊಳೆಗೆ ನೇತುಹಾಕಿದ.

ಅತ್ತೆ ನಡೆದುಹೋಗಿ ಕಿಟಕಿ ಪಕ್ಕದ ಕುದುರೆಯ ಚಾದರ ಎಳೆದಳು. ಧೂಳು ಬೆಳಕಿನಲ್ಲಿ ಏರಿ ಏರಿ ಕುಣಿಯಿತು. ಸೀರೆ ಸರಿಮಾಡಿಕೊಂಡು, ಮಗನ ಮುಂದೆ ಮೊಟ್ಟಮೊದಲ ಬಾರಿಗೆ, ಅದರ ಮೇಲೆ ಕೂತಳು. ಆ ಕೂತ ಬಗೆ ನೋಡಿಯೇ ಮಗನಿಗೆ ಎಲ್ಲವೂ ಅರ್ಥವಾಯಿತು. ಅವನ ನಗು ಎಲ್ಲಿಗೋ ಹೋಗಿತ್ತು.

"ಆ ತುಂಡು ಕೊಡು."

"ಅಮ್ಮ, ಕೈ..."

"ಕೊಡು ಅಂದೆ."

ಒಂದು ಚುಚ್ಚಿದಳು. ತೂತು ಕೂದಲೆಳೆಯಷ್ಟೂ ತಪ್ಪಲಿಲ್ಲ. ಎರಡು. ಮೂರನೆಯದಕ್ಕೆ ಆರೆ ತೊಗಲಿಗೆ ತಾಗಿ ನಿಂತುಬಿಟ್ಟಿತು. ಹೆಬ್ಬೆರಳು ಒಪ್ಪಲಿಲ್ಲ. ಹಲ್ಲು ಕಚ್ಚಿದಳು, ಕಣ್ಣಲ್ಲಿ ನೀರು ಬಂತು, ಆರೆ ಒಂದಿಷ್ಟೂ ಇಳಿಯಲಿಲ್ಲ. ಇನ್ನೊಂದು ಸಲ ಒತ್ತಿದರೆ ಜಾರುತ್ತದೆ, ಜಾರಿದರೆ ತುಂಡು ಹೋಗುತ್ತದೆ. ಅದು ಅವಳಿಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆರೆಯ ಮೊನೆ ಬಿಟ್ಟ ಚಿಕ್ಕ ಕುಳಿಯನ್ನು ಉಗುರಿನಿಂದ ಸವರಿದಳು.

ಆಮೇಲೆ ಕುದುರೆಯಿಂದ ಇಳಿದು, ನುಣುಪಾದ ಆ ಬೆನ್ನನ್ನು ಸೆರಗಿನಿಂದ ಒರೆಸಿದಳು.

"ಹತ್ತು," ಅಂದಳು ಸೊಸೆಗೆ. "ಏನು ನೋಡ್ತೀಯ? ಹತ್ತು. ಮೂರನೇದರಿಂದ ನಿಂದು."

ಸೊಸೆ ಹತ್ತಿದಳು. ನಾಲ್ಕು ವರ್ಷ ಕಾದ ಜಾಗ. ಅತ್ತೆ ಹಿಂದೆ ಸ್ಟೂಲು ಎಳೆದುಕೊಂಡು ಕೂತು ಅವಳ ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಒತ್ತಲಿಲ್ಲ, ಹಿಡಿಯಲಿಲ್ಲ.

"ಉಸಿರು ಬಿಡ್ತಾ ಚುಚ್ಚು. ಹಿಡಿದು ಚುಚ್ಚಿದ್ರೆ ತೊಗಲಿಗೆ ಗೊತ್ತಾಗುತ್ತೆ."

"ತೊಗಲಿಗೆ ಎಲ್ಲಾ ಗೊತ್ತಾಗುತ್ತೆ ಈ ಮನೇಲಿ. ಮನುಷ್ಯರಿಗೇ ಗೊತ್ತಾಗಲ್ಲ."

"ಮಾತಾಡ್ಬೇಡ. ಚುಚ್ಚು."

ಲಾಯದಮ್ಮ ಬರಲು ಎರಡು ವಾರಕ್ಕೆ ಎರಡು ದಿನ ಕಡಿಮೆಯಿತ್ತು. ಅಡುಗೆ ಗಂಡಸರ ಪಾಲಿಗೆ ಬಂತು. ಮಗ ಆಲೂಗಡ್ಡೆಯನ್ನು ಬೆಲ್ಟಿನಂತೆ ಉದ್ದುದ್ದ ಕತ್ತರಿಸುತ್ತಿದ್ದ; ಮಾವ ಬೇಳೆಗೆ ಉಪ್ಪೇ ಹಾಕುತ್ತಿರಲಿಲ್ಲ, ಹೇಳಿಸಿಕೊಳ್ಳುವ ಭಯಕ್ಕೆ. ಕಿಟಕಿಯ ಬಳಿ ಅತ್ತೆ ಸೊಸೆ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಜಗಳವಾಡುತ್ತ ಹೊಲಿದರು. ಕಾಂಡ ಮೇಲೇರಿತು. ಹಸಿರು ದಾರ ಅದರ ಕೆಳಗೆ ನುಸುಳಿ ಸುತ್ತಿಕೊಂಡಿತು. ಎಲೆಗೆ ಬಂದಾಗ ಸೊಸೆಯ ಮೂರು ಹೊಲಿಗೆಗಳಲ್ಲಿ ನಡುವಿನದು ಕೊಂಚ ಉದ್ದವಾಯಿತು. ಅತ್ತೆ ಅದನ್ನು ಉಗುರಲ್ಲಿ ಸವರಿ ಸುಮ್ಮನಾದಳು. ಮಾರನೇ ದಿನ, "ಎಲೆಗಳೆಲ್ಲ ಹಾಗೇ ಇರಲಿ, ನಿನ್ನ ಕೈಗೆ ಒಪ್ಪುತ್ತೆ," ಅಂದಳು. ಆ ಮಾತನ್ನು ಸೊಸೆ ಇಡೀ ದಿನ ಬಾಯಲ್ಲಿಟ್ಟ ಸಕ್ಕರೆಯ ಹಾಗೆ ಕರಗಿಸಿಕೊಂಡಳು.

ಹೇಳಿದ ದಿನಕ್ಕೆ ಲಾಯದಮ್ಮ ಬಂದಳು. ಜೀನನ್ನು ಒಂದು ಸುತ್ತು ಬಂದಳು. ಬಲಗಡೆ ನೋಡಿದಳು, ಎಡಗಡೆ ನೋಡಿದಳು. ಎರಡು ಬಳ್ಳಿಯೂ ಮುಂದಕ್ಕೆ ವಾಲಿ ಅವಳನ್ನು ಬಿಟ್ಟು ಓಡುವ ಆತುರದಲ್ಲಿದ್ದವು.

"ಮೇಸ್ತ್ರಿ, ಏನು ಕೈರೀ ನಿಮ್ಮದು!"

ಅತ್ತೆ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿದಳು.

"ಏ, ನಿಂತ್ಕೊ," ಅಂದ ಮಾವ. ಲಾಯದಮ್ಮನ ಕಡೆ ತಿರುಗಿದ. "ಅಮ್ಮ, ಬಲಗಡೆದು ನಂದು. ಎಡಗಡೆದು ನನ್ನ ಕೈಲಿ ಯಾವತ್ತೂ ಆಗಿಲ್ಲ. ನಿಮ್ಮ ಹಳೇ ಜೀನಿಂದು ಇವಳು ಹೊಲಿದದ್ದು. ಹೊಸದು ನನ್ನ ಸೊಸೆ. ಏನು ಕೇಳ್ಬೇಕೋ ಅವರನ್ನ ಕೇಳಿ. ಚಹಾ ನಾನು ಕಾಯಿಸ್ತೀನಿ."

ಲಾಯದಮ್ಮ ಅತ್ತೆಯ ಮುಖ ನೋಡಿದಳು. ಹನ್ನೆರಡು ವರ್ಷ ಚಹಾ ಲೋಟ ತಂದಿಟ್ಟು ಹೋಗುತ್ತಿದ್ದ ಮುಖ. "ಹನ್ನೆರಡು ವರ್ಷ ನಿಮ್ಮ ಮೇಲೇ ಕೂತಿದ್ದೆನಲ್ಲಮ್ಮ," ಅಂದಳು. "ಒಂದು ದಿನಾನೂ ಬೀಳಿಸಲಿಲ್ಲ ನೀವು."

ಅತ್ತೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಕೊನೆಗೆ, "ಎಣ್ಣೆ ತಿಂಗಳಿಗೊಂದು ಸಲ ಹಚ್ಚಿ. ಬಿಸಿಲಲ್ಲಿ ಇಡ್ಬೇಡಿ," ಅಂದಳು. ಮಾವ ತಂದ ಚಹಾ ಬರೀ ಪಾಕವಾಗಿತ್ತು. ಎಲ್ಲರೂ ಮುಖ ಕಿವಿಚದೆ ಕುಡಿದರು.

ಲಾಯದಮ್ಮ ಹೋದಮೇಲೆ ಮನೆಯಲ್ಲಿ ಹಬೆ ಇಳಿದ ಹಾಗಾಯಿತು. ಗಂಡಸರು ಹೊರಗೆ ಜಗಲಿಯಲ್ಲಿ ತೂಕಡಿಸಿದರು. ಸೊಸೆ ಚಾಪೆಗೆ ಬಿದ್ದವಳು ಬಿದ್ದ ಕಡೆಯೇ ನಿದ್ದೆಹೋದಳು. ಅತ್ತೆ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೇಣದ ವಾಸನೆಗೆ ಒಂದು ಜೇನುನೊಣ ಒಳಗೆ ಬಂದು ಬಿಸಿಲಲ್ಲಿ ಅಲೆಯುತ್ತಿತ್ತು.

ಸೊಸೆಯ ಕೈ ಅಲುಗಿತು. ಎಡಗೈ ಮುಂದಾಗಿ ಚುಚ್ಚಿತು. ಬಲಗೈ ಎದುರು ಬಂತು. ಎರಡು ತೋಳೂ ನಿದ್ದೆಯಲ್ಲಿ ಅಗಲವಾದವು. ಅತ್ತೆ ಮೊದಲು ಬೆಚ್ಚಿದಳು. ತಾನೂ ನಿದ್ದೆಯಲ್ಲಿ ಹೀಗೇ ಹೊಲಿಯುತ್ತೇನೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆದರೂ ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಬಗ್ಗಿ ಎಣಿಸತೊಡಗಿದಳು. ಒಂದು, ಎರಡು, ಮೂರು. ನಾಲ್ಕು. ಐದು.

"ಆರನೇದು ಬಿಗಿಯಾಗಿ ಎಳಿ," ಅಂದಳು ಮೆಲ್ಲಗೆ, ಅವಳು ಎಚ್ಚರವಾಗದಂತೆ.

ಸೊಸೆ ನಿದ್ದೆಯಲ್ಲೇ ಎಳೆದಳು.